ಆಟೊಮ್ಯಾಟಿಕ್ ರಾಯರು

ಆಟೊಮ್ಯಾಟಿಕ್ ರಾಯರನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ತೋಳು ನೋಡಿದರೆ ಸಾಕು. ತುಂಬುತೋಳಿನ ಅಂಗಿಯ ಬಲಗೈ ಗುಂಡಿ ಮಣಿಕಟ್ಟಿನ ಹತ್ತಿರ ಶಿಸ್ತಾಗಿ ಬಿದ್ದಿರುತ್ತದೆ. ಎಡತೋಳು ಮಾತ್ರ ಎರಡು ಮಡಿಕೆ ಮೇಲೇರಿರುತ್ತದೆ. ಚಳಿಗಾಲದಲ್ಲಿ ಸ್ವೆಟರಿಗೂ ಇದೇ ನಿಯಮ. ಕಾಫಿ ಲೋಟ ಎಡಗೈಗೆ ಬಂದಿದೆ, ಬಸ್ಸಿನ ಕಂಬಿ ಎಡಗೈಗೆ ಬಂದಿದೆ. ದಾರಿ ಕೇಳಿದವರಿಗೆ ಬಾಯಲ್ಲಿ ‘ಬಲಕ್ಕೆ ತಿರುಗಿ’ ಅನ್ನುತ್ತಾ ಎಡಗೈ ಚಾಚುತ್ತಾರೆ. ಕೈ ನಂಬಿದವರು ಹನುಮಂತನಗರದ ಕಡೆ ಹೋಗುತ್ತಾರೆ, ಬಾಯಿ ನಂಬಿದವರು ಊರು ಸೇರುತ್ತಾರೆ.

ಇಂಥವರು ಬೆಂಗಳೂರಿನಲ್ಲಿ ಆಫೀಸಿಗೊಬ್ಬರು, ಅಪಾರ್ಟ್‌ಮೆಂಟಿಗೊಬ್ಬರು ಎಂಬಂತೆ ಹಂಚಿಹೋಗಿದ್ದಾರೆ. ನಮ್ಮ ಪಾಲಿಗೆ ಬಂದವರು ಮೂರನೇ ಮಹಡಿಯಲ್ಲಿದ್ದಾರೆ. ವಯಸ್ಸು ನಲವತ್ತರ ಆಚೀಚೆ, ಕೆಲಸ ಸಾಫ್ಟ್‌ವೇರು, ಕಾರಿನ ಸಾಲ ತೀರಿದೆ, ಮನೆಯದು ತೀರುವ ಲಕ್ಷಣವಿಲ್ಲ. ಹಿಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋಗಿದ್ದರು. ಆಮೇಲೆ ಒಂದಷ್ಟು ಕಾಲ ಚಿಕ್ಕಮಗಳೂರಿನ ಕಾಫಿ ಬೀಜ ತರಿಸಿ, ತೂಕ ಮಾಡಿ, ಪುಡಿ ಮಾಡಿ, ಬಂದ ನೆಂಟರು ಎದ್ದು ಹೋಗುವ ಹೊತ್ತಿಗೆ ಕಾಫಿ ಕೊಡುತ್ತಿದ್ದರು. ಈಗ ಕೈಗಡಿಯಾರಕ್ಕೆ ಬಂದು ನಿಂತಿದ್ದಾರೆ.

ಅವರಿಗೆ ಬೇಕಾಗಿದ್ದ ವಾಚಿನ ಲಕ್ಷಣ ಕೇಳಿ. ನೋಡಲು 1960ರ ದಶಕದ್ದಾಗಿರಬೇಕು, ಒಳಗೆ ಮಾತ್ರ ಹೊಸದಾಗಿರಬೇಕು. ಗ್ಲಾಸು ಮೇಲಕ್ಕೆ ಉಬ್ಬಿರಬೇಕು, ಡಯಲ್ ಕೆನೆ ಬಣ್ಣದ್ದಾಗಿರಬೇಕು, ಸೆಲ್ ಇರಕೂಡದು, ಕೀ ಕೊಡುವ ಕಷ್ಟವೂ ಬೇಡ. ಇಷ್ಟೆಲ್ಲ 20,000 ರೂಪಾಯಿಯೊಳಗೆ ಮುಗಿಯಬೇಕು. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಷರತ್ತು ಹಾಕುವುದಿಲ್ಲ. ಆದರೂ ಸಿಕ್ಕಿತು. ಜಪಾನಿನವರು ಇಂಥ ಆಸೆಬುರುಕರಿಗಾಗಿಯೇ ಸೀಕೊ 5, ಓರಿಯಂಟ್ ಬ್ಯಾಂಬಿನೊ ಮುಂತಾದವುಗಳನ್ನು ಮಾಡಿಟ್ಟಿದ್ದಾರೆ. ರಾಯರು ಮಳೆಗಾಲವೊಂದನ್ನು ಪೂರ್ತಿ ಅವುಗಳ ಅಧ್ಯಯನಕ್ಕೆ ಮೀಸಲಿಟ್ಟು, ಕೊನೆಗೆ ರೋಮನ್ ಅಂಕಿಗಳ ಬ್ಯಾಂಬಿನೊಗೆ ಕೈ ಒಡ್ಡಿದರು. ಅದಕ್ಕೆ ಮೂರು ಬೆಲೆ. ಅಪ್ಪನಿಗೆ ಹೇಳಿದ್ದು ಒಂದು, ಹೆಂಡತಿಗೆ ಹೇಳಿದ್ದು ಇನ್ನೊಂದು, ಆಫೀಸಿನಲ್ಲಿ ಹೇಳಿದ್ದು ಮತ್ತೊಂದು. ಮೂರೂ ಏರಿಕೆಯ ಕ್ರಮದಲ್ಲಿವೆ, ನಿಜವಾದದ್ದು ಮಧ್ಯದಲ್ಲೆಲ್ಲೋ ಇದೆ.

‘ಹಳೇ ಕಾಲದ ವಾಚೇ ಬೇಕಿದ್ರೆ ನನ್ನದಿತ್ತಲ್ಲೋ’ ಎಂದು ಅಪ್ಪ ದೊಡ್ಡರಾಯರು ಕೇಳಿದ್ದುಂಟು. ಅವರು ನಿವೃತ್ತ ಮೇಷ್ಟರು. ಕೈಯಲ್ಲಿರುವುದು ಮದುವೆಯಲ್ಲಿ ಮಾವ ಕಟ್ಟಿದ ಎಚ್‌ಎಂಟಿ ಜನತಾ. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಯಂತ್ರ ಮಾಡುವ ಯಂತ್ರಗಳಿಗಾಗಿ ಹುಟ್ಟಿದ ಸರ್ಕಾರಿ ಕಾರ್ಖಾನೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ ವಾಚಿಗೆ ಇಳಿಯಿತು. ಆಮೇಲೆ ಬಹಳ ವರ್ಷ ಈ ದೇಶದ ಅಳಿಯಂದಿರ ಎಡಗೈ ಎಲ್ಲ ಅದರದ್ದೇ. ಅದರಲ್ಲೂ ಕಾಂಚನ ಎಂಬ ಆಟೊಮ್ಯಾಟಿಕ್ ವಾಚು ಬೇಕೆಂದು ಹಟ ಹಿಡಿದ ವರಮಹಾಶಯರ ಕತೆಗಳು ಹಳಬರ ಬಾಯಲ್ಲಿ ಇನ್ನೂ ಇವೆ. ತುಮಕೂರಿನಲ್ಲೂ ಕಾರ್ಖಾನೆ ಬಂತು, ಲಾಲ್‌ಬಾಗಿನಲ್ಲಿ ಹೂವಿನ ಗಡಿಯಾರ ಬಂತು. 2016ರಲ್ಲಿ ಕೇಂದ್ರ ಸರ್ಕಾರ ವಾಚಿನ ವಿಭಾಗಕ್ಕೆ ಬಾಗಿಲು ಹಾಕಲು ತೀರ್ಮಾನಿಸಿತು. ಬಾಗಿಲು ಹಾಕಿದ ಸುದ್ದಿ ಬಂದ ಮೇಲೆ, ಅದುವರೆಗೆ ಎಚ್‌ಎಂಟಿಯನ್ನು ‘ಅಪ್ಪನ ವಾಚು’ ಎಂದು ಮೂಗು ಮುರಿಯುತ್ತಿದ್ದ ಮಕ್ಕಳಿಗೆಲ್ಲ ಅದರ ಮೇಲೆ ಪ್ರೀತಿ ಉಕ್ಕಿತು. ನಮ್ಮಲ್ಲಿ ಇದು ವಾಚಿನ ಮಾತಷ್ಟೇ ಅಲ್ಲ, ಸಿನಿಮಾ ಟಾಕೀಸಿಗೂ ಹೀಗೇ ಆಯಿತು.

ರಾಯರು ಅಪ್ಪನ ವಾಚನ್ನು ಬೇಡವೆಂದದ್ದಕ್ಕೆ ಕಾರಣವಿತ್ತು. ಅದಕ್ಕೆ ದಿನವೂ ಕೀ ಕೊಡಬೇಕು. ಇನ್ನು ಪೇಟೆಯಲ್ಲಿ ಸಿಗುವ ಹಳೆಯ ಎಚ್‌ಎಂಟಿ ಕೊಳ್ಳೋಣವೆಂದರೆ, ಹಳೇ ಮಿಷಿನ್ನಿಗೆ ಬೇರೆ ವಾಚಿನ ಕೇಸು ತೊಡಿಸಿ, ಗಿಳಿಹಸಿರು ಡಯಲ್ ಬರೆಸಿ, ‘ಒರಿಜಿನಲ್ ಸಾರ್’ ಎಂದು ಮಾರುವವರು ಬೇಕಾದಷ್ಟಿದ್ದಾರೆ. ಇದನ್ನು ರಾಯರು ನನಗೆ ಲಿಫ್ಟಿನಲ್ಲಿ ವಿವರಿಸಲು ಶುರುಮಾಡಿದರು. ಲಿಫ್ಟು ಎರಡು ಸಲ ಮೇಲೆ ಹೋಗಿ ಕೆಳಗೆ ಬಂತು.

ಆಟೊಮ್ಯಾಟಿಕ್ ವಾಚಿನ ಒಳಗುಟ್ಟು ಬಲು ಸರಳ. ಮಿಷಿನ್ನಿನ ಬೆನ್ನಿಗೆ ಅರ್ಧಚಂದ್ರಾಕಾರದ ಲೋಹದ ತೂಕವೊಂದು ತಿರುಗಣಿಯ ಮೇಲೆ ಕೂತಿರುತ್ತದೆ. ಕೈ ಆಡಿದಾಗ ಅದು ಸುತ್ತುತ್ತದೆ, ಅದು ಸುತ್ತಿದಾಗ ಸ್ಪ್ರಿಂಗು ಬಿಗಿಯುತ್ತದೆ, ಬಿಗಿದ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ವಾಚನ್ನು ನಡೆಸುತ್ತದೆ. ಜೇಬುಗಡಿಯಾರದ ಕಾಲದಲ್ಲೇ ಈ ಉಪಾಯ ಹೊಳೆದಿತ್ತಾದರೂ ಅದನ್ನು ಕೈಗೆ ತಂದು 1924ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜಾನ್ ಹಾರ್ವುಡ್. ಪಾಪ, ಆತ ಒಂದು ವಿಷಯ ಊಹಿಸಿರಲಿಲ್ಲ. ಮುಂದೊಂದು ದಿನ ಗಂಡಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತು, ಬಲಗೈಯಲ್ಲಿ ಮೌಸು ಆಡಿಸುತ್ತಾ, ಎಡಗೈಯನ್ನು ಮೇಜಿನ ಮೇಲೆ ಒರಗಿಸಿಟ್ಟು ಸಂಬಳ ತೆಗೆದುಕೊಳ್ಳುತ್ತಾರೆ ಎಂದು.

ರಾಯರ ವಾಚು ಪೂರ್ತಿ ಬಿಗಿದಿದ್ದರೆ ಸುಮಾರು 40 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಏಳಕ್ಕೆ ಬಿಚ್ಚಿಟ್ಟರೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಉಸಿರು ಬಿಡಬೇಕು. ಆದರೆ ಕುರ್ಚಿಯ ಕೃಪೆಯಿಂದ ಶುಕ್ರವಾರವೂ ಅದು ಅರ್ಧಹೊಟ್ಟೆಯಲ್ಲೇ ಇರುತ್ತದೆ. ಹೀಗಾಗಿ ಮೊದಲ ಶನಿವಾರ ಮಧ್ಯಾಹ್ನವೇ ನಿಂತುಬಿಟ್ಟಿತು.

‘ಏನೋ ಅದು, ಕೀ ಕೊಡೋದೇ ಬೇಡ ಅಂದಿದ್ದೆ?’ ಎಂದರು ದೊಡ್ಡರಾಯರು.

‘ಬೇಡ ಅಪ್ಪ. ತಾನಾಗೇ ಓಡುತ್ತೆ.’

‘ಹಾಗಾದ್ರೆ ತಾನಾಗೇ ಯಾಕೆ ನಿಂತಿದೆ?’

‘ಅಲುಗಾಡಿಸಬೇಕು.’

‘ಯಾರು?’

ಕೀ ತಿರುಗಿಸಿಯೂ ಅದನ್ನು ಎಬ್ಬಿಸಬಹುದು. ಆದರೆ ರಾಯರ ಮಟ್ಟಿಗೆ ಆಟೊಮ್ಯಾಟಿಕ್‌ಗೆ ಕೀ ಕೊಡುವುದೆಂದರೆ ಅದರ ಮಾನ ಕಳೆದಂತೆ. ಅದಕ್ಕೆ ಅವರು ತಾವೇ ಅಲುಗಾಡಲು ನಿರ್ಧರಿಸಿದರು. ಡಾಕ್ಟರು ಸಕ್ಕರೆ ಕಾಯಿಲೆಯ ಹೆದರಿಕೆ ಹಾಕಿ ನಡೆಯಿರಿ ಎಂದಾಗ ನಡೆಯದಿದ್ದ ಮನುಷ್ಯ ವಾಚಿಗಾಗಿ ಕೃಷ್ಣರಾವ್ ಪಾರ್ಕಿಗೆ ಹೊರಟರು. ಬಲಗೈ ಜೇಬಿನಲ್ಲಿ, ಎಡಗೈ ಪೆರೇಡಿನಲ್ಲಿ. ಪಾರ್ಕಿನ ಹಿರಿಯರು ಮೊದಲು ಇವರಿಗೆ ಪಾರ್ಶ್ವವಾಯು ಆಗಿದೆಯೆಂದು ಮರುಕಪಟ್ಟು, ಬಲಗೈಗೆ ಹಚ್ಚಲು ಎಣ್ಣೆಯೊಂದನ್ನು ಸೂಚಿಸಿದ್ದರಂತೆ.

ಈ ಸಂಗತಿಯ ಪೂರ್ಣ ಲಾಭ ಪಡೆದವರು ಅವರ ಮನೆಯವರು. ಆಕೆ ಒಂದು ಮಾತೂ ಆಡದೆ ತುರಿಯುವ ಮಣೆಯನ್ನು ಮುಂದೆ ತಂದಿಟ್ಟರು. ತೆಂಗಿನಕಾಯಿ ತುರಿಯಲು ಎರಡೂ ಕೈ ಬೇಕು, ಮಣಿಕಟ್ಟು ಚೆನ್ನಾಗಿ ಹೊರಳುತ್ತದೆ, ವಾಚಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಮೊಸರು ಕಡೆಯುವುದೂ ವಾಸಿಯೇ. ಚಪಾತಿ ಲಟ್ಟಿಸುವುದು ಮಧ್ಯಮ. ಮೆಣಸಿನಪುಡಿ ಕುಟ್ಟುವುದನ್ನು ಮಾತ್ರ ರಾಯರು ಖಡಾಖಂಡಿತವಾಗಿ ನಿರಾಕರಿಸಿದರು. ಕುಟ್ಟಿದರೆ ಒಳಗೆ ಓಟದ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಎಳೆಯಂಥ ಅಚ್ಚಿಗೆ ಪೆಟ್ಟು. ಪೆಟ್ಟು ತಾಳಿಕೊಳ್ಳುವ ಏರ್ಪಾಡು ಒಳಗಿದೆ ನಿಜ, ಆದರೆ ಅದು ಕೈ ಜಾರಿ ಬಿದ್ದಾಗಿನ ಆಪತ್ತಿಗೆ, ಸಾರಿನಪುಡಿಗಲ್ಲ. ಪಾತ್ರೆ ತೊಳೆಯುವುದೂ ಇಲ್ಲ. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿರುವುದನ್ನು ಆಕೆ ತೋರಿಸಿದಾಗ, ಅದು ಮಳೆಯ ಹನಿಗೆ, ಕೈ ತೊಳೆಯುವಾಗಿನ ತುಂತುರಿಗೆ ಹೇಳಿದ ಮಾತೇ ಹೊರತು ಈಜಲು, ಮುಳುಗಲು, ಸಿಂಕಿಗೆ ಇಳಿಯಲು ಅಲ್ಲವೆಂದು ವಾದಿಸಿ ಗೆದ್ದರು. ವಾದ ಸರಿಯಾದದ್ದೇ. ಗಂಡಂದಿರು ಮನೆಯಲ್ಲಿ ಹೇಳುವ ತಾಂತ್ರಿಕ ಸತ್ಯಗಳೆಲ್ಲ ಇಂಥ ಹೊತ್ತಿನಲ್ಲೇ ಹೊರಬರುತ್ತವೆ.

ವಾಚು ಓಡತೊಡಗಿತು. ಈಗ ಸರಿಯಾಗಿ ಓಡುತ್ತಿದೆಯೇ ಎಂಬ ಪ್ರಶ್ನೆ ಬಂತು. ಈ ಮಿಷಿನ್ನು ದಿನಕ್ಕೆ 15 ಸೆಕೆಂಡು ಹಿಂದೆ ಬೀಳಬಹುದು, 25 ಸೆಕೆಂಡು ಮುಂದೆ ಹೋಗಬಹುದು ಎಂದು ತಯಾರಿಸಿದವರೇ ಬರೆದುಕೊಟ್ಟಿದ್ದಾರೆ. ಮಗಳ ಕೈಯಲ್ಲಿರುವ, ಜಾತ್ರೆಯಲ್ಲಿ ಕೊಡಿಸಿದ ಸೆಲ್ಲಿನ ವಾಚು ತಿಂಗಳಿಗೂ ಅಷ್ಟು ತಪ್ಪುವುದಿಲ್ಲ. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ರಾಯರದ್ದು ಸೆಕೆಂಡಿಗೆ ಆರು ಸಲ. ಆ ಆರನ್ನೇ ಅವರು ಕಣ್ಣು ಅರ್ಧ ಮುಚ್ಚಿ ವರ್ಣಿಸುತ್ತಾರೆ. ‘ನೋಡಿ, ಸೆಕೆಂಡ್ ಮುಳ್ಳು ಹೇಗೆ ತೇಲುತ್ತೆ! ಸೆಲ್ಲಿಂದು ಕುಪ್ಪಳಿಸುತ್ತೆ ರೀ, ಕುಪ್ಪಳಿಸುತ್ತೆ.’ ಸೀಕೊ ಕಂಪನಿ ಮೊಟ್ಟಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಟೋಕಿಯೋದಲ್ಲಿ ಮಾರಾಟಕ್ಕಿಟ್ಟದ್ದು 1969ರ ಡಿಸೆಂಬರ್ 25ರಂದು. ಆಗ ಅದರ ಬೆಲೆ ನಾಲ್ಕೂವರೆ ಲಕ್ಷ ಯೆನ್, ಹೆಚ್ಚುಕಡಿಮೆ ಒಂದು ಸಣ್ಣ ಕಾರಿನಷ್ಟು. ಅಲ್ಲಿಂದ ಬೆಲೆ ಇಳಿಯುತ್ತಾ ಜಾತ್ರೆಯ ಅಂಗಡಿಗೆ ಬಂತು, ಸ್ವಿಟ್ಜರ್ಲೆಂಡಿನ ಎಷ್ಟೋ ಕಾರ್ಖಾನೆಗಳು ಮುಳುಗಿದವು. ಲೋಕಕ್ಕೆಲ್ಲ ಅವತ್ತು ಕ್ರಿಸ್‌ಮಸ್, ರಾಯರ ಪಂಚಾಂಗದಲ್ಲಿ ಅದು ತಿಥಿ.

ಹೀಗೆ ಸೆಕೆಂಡಿನ ಲೆಕ್ಕಕ್ಕೆ ಒಂದು ನೋಟ್‌ಬುಕ್ಕು ಬಂತು. ಹಾಲಿನ ಲೆಕ್ಕ ಬರೆಯಲು ಪುಸ್ತಕವಿಲ್ಲದ ಮನೆ. ಆಕಾಶವಾಣಿಯ ವಾರ್ತೆಗೆ ಮುಂಚೆ ಬರುವ ಪಿಪ್ ಪಿಪ್ ಸದ್ದಿಗೆ ವಾಚು ಹೊಂದಿಸಬೇಕು. ಮೊಬೈಲಿನಲ್ಲಿ ಕೇಳಿದರೆ ರೇಡಿಯೊ ಕೆಲವು ಸೆಕೆಂಡು ತಡವಾಗಿ ಬರುತ್ತದೆಂದು ಗೊತ್ತಾಗಿ ಟ್ರಾನ್ಸಿಸ್ಟರ್ ಬಂತು. ವಾಚನ್ನು ಡಯಲ್ ಮೇಲಾಗಿ ಮಲಗಿಸಿದರೆ ಒಂದು ವೇಗ, ಕೀ ಮೇಲಾಗಿ ಒರಗಿಸಿದರೆ ಇನ್ನೊಂದು. ಭೂಮಿಯ ಸೆಳೆತ ಬ್ಯಾಲೆನ್ಸ್ ಚಕ್ರದ ಮೇಲೆ ಬೇರೆ ಬೇರೆ ರೀತಿ ಬೀಳುವುದರಿಂದ ಹೀಗೆ. ಹಗಲಲ್ಲಿ ಮುಂದೆ ಓಡಿದ್ದನ್ನು ರಾತ್ರಿ ಸರಿಯಾದ ಮಗ್ಗುಲಲ್ಲಿ ಮಲಗಿಸಿ ಹಿಂದಕ್ಕೆ ತರಬಹುದು. ರಾಯರು ನಡುರಾತ್ರಿ ಎದ್ದು ಮಗ್ಗುಲು ಬದಲಿಸುತ್ತಾರೆ. ‘ಮಗಳು ಹುಟ್ಟಿದಾಗ ಒಂದು ದಿನ ರಾತ್ರಿ ಎದ್ದೋರಲ್ಲ’ ಎಂದು ಅವರ ಮನೆಯವರು ನಮ್ಮ ಮನೆಯಲ್ಲಿ ಹೇಳಿ ನಕ್ಕರು. ನಗು ಅಷ್ಟೇನೂ ತಿಳಿಯಾಗಿರಲಿಲ್ಲ.

ತಾರೀಖಿನದು ಬೇರೆಯೇ ಮಡಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಒಳಗಿನ ಹಲ್ಲುಚಕ್ರಗಳು ತಾರೀಖು ಬದಲಿಸಲು ಸಜ್ಜಾಗಿರುತ್ತವೆ. ಆಗ ಕೀ ಎಳೆದು ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ಹಾಗಾಗಿ ಅದು ರಾಯರ ಮನೆಯ ರಾಹುಕಾಲ. ಮೂವತ್ತೇ ದಿನದ ತಿಂಗಳು ಮುಗಿದ ಮಾರನೆಯ ಬೆಳಿಗ್ಗೆ, ಸ್ನಾನವಾದ ಮೇಲೆ, ಮುಳ್ಳನ್ನು ಮೊದಲು ಆರೂವರೆಗೆ ತಂದು ಆಮೇಲೆ ತಾರೀಖು ಮುಟ್ಟುತ್ತಾರೆ.

ಇಷ್ಟು ಕಾಲಜ್ಞಾನಿಯಾದ ರಾಯರು ಆಫೀಸಿನ ಹತ್ತು ಗಂಟೆಯ ಮೀಟಿಂಗಿಗೆ ಸೇರುವುದು ಹತ್ತೂ ಹನ್ನೆರಡಕ್ಕೆ. ವಾಚಿನ ಜಾಹೀರಾತುಗಳಲ್ಲಿ ಮುಳ್ಳುಗಳು ಸಾಮಾನ್ಯವಾಗಿ 10:10ರ ಆಸುಪಾಸಿನಲ್ಲಿರುತ್ತವೆ; ಆಗ ಅವು ಕೈಯೆತ್ತಿ ಹರಸಿದಂತೆ ಕಾಣುತ್ತವೆ, ಕಂಪನಿಯ ಹೆಸರೂ ಮರೆಯಾಗುವುದಿಲ್ಲ. ರಾಯರಿಗೂ ತಮ್ಮ ವಾಚಿನ ಫೋಟೊ ಅದೇ ಭಂಗಿಯಲ್ಲಿ ಬೇಕು. ಮುಳ್ಳನ್ನು ಸುಳ್ಳೇ ತಿರುಗಿಸಿ ನಿಲ್ಲಿಸುವುದು ಮೋಸ. ಬಾಲ್ಕನಿಗೆ ಒಳ್ಳೆಯ ಬೆಳಕು ಬರುವುದೂ ಬೆಳಿಗ್ಗೆಯೇ. ಮ್ಯಾನೇಜರಿಗೆ ಇದನ್ನು ವಿವರಿಸುವುದು ಹೇಗೆ?

ಆ ಫೋಟೊದಿಂದಲೇ ಒಮ್ಮೆ ಕಂಟಕ ಬಂತು. ಇದ್ದಕ್ಕಿದ್ದಂತೆ ವಾಚು ದಿನಕ್ಕೆ ಹಲವಾರು ನಿಮಿಷ ಮುಂದೆ ಓಡತೊಡಗಿತು. ರಾಯರು ಎಣ್ಣೆ ಆರಿದೆ ಎಂದರು, ಸ್ಪ್ರಿಂಗು ಸತ್ತಿದೆ ಎಂದರು, ತೆಂಗಿನಕಾಯಿ ಹೆಚ್ಚಾಯಿತು ಎಂದು ಹೆಂಡತಿಯ ಕಡೆ ನೋಡಿದರು. ಕೊನೆಗೆ ನನ್ನನ್ನೂ ಕರೆದುಕೊಂಡು ಅವೆನ್ಯೂ ರಸ್ತೆಯ ಹತ್ತಿರ ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿಗೆ ಹೋದರು. ಒಬ್ಬರು ಕೂತರೆ ತುಂಬುವ ಅಂಗಡಿ. ಕೂತವರು ಹಿಂದೆ ಎಚ್‌ಎಂಟಿಯಲ್ಲಿ ದುಡಿದ ಹಿರಿಯರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಗಿರಾಕಿಯನ್ನು ನೋಡುವವರು. ರಾಯರು ಹೇರ್‌ಸ್ಪ್ರಿಂಗು, ಎಸ್ಕೇಪ್‌ಮೆಂಟು ಎಂದು ಶುರುಮಾಡಿದಾಗ ಆತ ಮಾತಾಡದೆ ಡ್ರಾಯರಿನಿಂದ ಮಕ್ಕಳಾಟಿಕೆಯ ದಿಕ್ಸೂಚಿಯೊಂದನ್ನು ತೆಗೆದು ವಾಚಿನ ಪಕ್ಕ ಇಟ್ಟರು. ಸೂಜಿ ಕುಣಿಯಿತು.

‘ಎಲ್ಲಿಡ್ತೀರಿ ಸಾರ್ ಇದನ್ನ?’

‘ಎಲ್ಲೂ ಇಲ್ಲ... ಫೋಟೊ ತೆಗೆಯುವಾಗ ಟ್ಯಾಬಿನ ಕವರ್ ಮೇಲೆ. ಕಪ್ಪು ಹಿನ್ನೆಲೆ ಚೆನ್ನಾಗಿ ಬರುತ್ತೆ.’

‘ಅದರಲ್ಲಿ ಮ್ಯಾಗ್ನೆಟ್ ಇರುತ್ತೆ.’

ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಆಡಿಸುವ ಹೇರ್‌ಸ್ಪ್ರಿಂಗಿಗೆ ಕಾಂತಶಕ್ತಿ ತಗುಲಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗು ಗಿಡ್ಡವಾದಂತೆ ವರ್ತಿಸುತ್ತದೆ, ವಾಚು ಮುಂದೆ ಓಡುತ್ತದೆ. ಆತ ನೀಲಿ ಡಬ್ಬಿಯೊಂದರ ಮೇಲೆ ವಾಚಿಟ್ಟು ಗುಂಡಿ ಒತ್ತಿ, ನಿಧಾನಕ್ಕೆ ಮೇಲೆತ್ತಿದರು. ಮುಗಿಯಿತು. ಕೇಳಿದ ದುಡ್ಡು ಎರಡು ಕಾಫಿಗೂ ಸಾಲದು. ರಾಯರ ಮುಖ ಇಳಿದುಹೋಯಿತು. ಅಷ್ಟು ದೊಡ್ಡ ಕಾಯಿಲೆ ಇಷ್ಟು ಅಗ್ಗವಾಗಿ ವಾಸಿಯಾಗುವುದೆಂದರೇನು? ‘ಹೇಗೂ ಬಂದಿದ್ದೀನಿ, ಬಿಚ್ಚಿ ಒಂದು ಪೂರ್ತಿ ಸರ್ವೀಸ್ ಮಾಡಿಬಿಡಿ’ ಎಂದರು.

‘ಹೊಸ ವಾಚು ಸಾರ್. ನಾಲ್ಕೈದು ವರ್ಷ ಬಿಟ್ಟು ಬನ್ನಿ, ಎಣ್ಣೆ ಹಾಕಿ ಕೊಡ್ತೀನಿ.’ ಆಮೇಲೆ ಸ್ವಲ್ಪ ಯೋಚಿಸಿ ‘ಅಷ್ಟರವರೆಗೆ ಕಟ್ಟಿಕೊಳ್ಳಿ’ ಎಂದು ಸೇರಿಸಿದರು. ವಾಚಿನ ಪಾಲನೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಸಲಹೆ ಅದು. ರಾಯರಿಗೆ ಹಿಡಿಸಲಿಲ್ಲ.

ಬೆಲ್ಟಿನ ವ್ಯವಹಾರ ಚಿಕ್ಕದಾದರೂ ಹೇಳಲೇಬೇಕು. ಅಂಗಡಿಗಳಲ್ಲಿ ಬೇಕಾದಷ್ಟು ಸಿಗುವ ಅಳತೆ 20 ಮಿಲಿಮೀಟರು, ಇಲ್ಲವೇ 22. ರಾಯರ ವಾಚಿನ ಕಿವಿಗಳ ನಡುವಿನ ಅಂತರ 21. ಇಪ್ಪತ್ತು ಹಾಕಿದರೆ ಸಂದು ಕಾಣುತ್ತದೆ, ಇಪ್ಪತ್ತೆರಡು ತುರುಕಿದರೆ ಚರ್ಮ ಮುದುಡುತ್ತದೆ. ಅದಕ್ಕಾಗಿ ಚಿಕ್ಕಪೇಟೆಯಿಂದ ಕಮರ್ಷಿಯಲ್ ಸ್ಟ್ರೀಟಿನವರೆಗೆ ನಡೆದ ನಡಿಗೆಯಲ್ಲಿ ವಾಚಿಗಂತೂ ವಾರಕ್ಕಾಗುವಷ್ಟು ಅಲುಗಾಟ ಸಿಕ್ಕಿತೆನ್ನಿ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು, ಬೇಸಿಗೆಯಲ್ಲಿ ಬೆವರಿನ ವಾಸನೆ. ಈಗ ಋತುವಿಗೊಂದು ಬೆಲ್ಟಿದೆ.

ಎರಡನೆಯ ವಾಚು ಬಂದದ್ದು ಮೊದಲನೆಯದರ ಮೇಲಿನ ಕರುಣೆಯಿಂದ. ಅದಕ್ಕೂ ವಿಶ್ರಾಂತಿ ಬೇಡವೇ? ವಿಶ್ರಾಂತಿ ಕೊಟ್ಟರೆ ಅದು ನಿಲ್ಲುತ್ತದೆ. ಅದನ್ನು ಕಟ್ಟಿಕೊಂಡರೆ ಇದು ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ಒಂದು ಭಾನುವಾರ ಮನೆಯೊಳಗೇ ಓಡಾಡಿ ನೋಡಿದರು, ತೆಂಗಿನಕಾಯಿಗಳೂ ಮುಗಿದಿದ್ದವು. ಆಗ ಅವರಿಗೆ ವಾಚ್ ವೈಂಡರ್ ಎಂಬ ಪೆಟ್ಟಿಗೆಯ ವಿಷಯ ಗೊತ್ತಾಯಿತು. ಒಳಗೆ ಮೋಟಾರು, ಮೇಲೆ ಗಾಜಿನ ಬಾಗಿಲು, ವಾಚನ್ನು ದಿಂಬಿಗೆ ಕಟ್ಟಿ ಒಳಗಿಟ್ಟರೆ ಕೈ ಆಡಿದಂತೆ ಅದೇ ತಿರುಗಿಸುತ್ತಿರುತ್ತದೆ. ಸೆಲ್ಲಿನ ಹಂಗು ಬೇಡವೆಂದು ತಂದ ವಾಚು ಈಗ ಗೋಡೆಯ ಪ್ಲಗ್ಗಿಗೆ ಸಿಕ್ಕಿಕೊಂಡಿದೆ. ಕರೆಂಟು ಹೋದಾಗ ರಾಯರ ಮನೆಯಲ್ಲಿ ಯುಪಿಎಸ್‌ನಿಂದ ನಡೆಯುವುದು ಹಾಲಿನ ದೀಪ, ವೈಫೈ, ಮತ್ತು ಆ ಪೆಟ್ಟಿಗೆ. ಫ್ಯಾನ್ ಇಲ್ಲ. ದೊಡ್ಡರಾಯರು ಬೀಸಣಿಗೆ ಬೀಸಿಕೊಳ್ಳುತ್ತಾ ಜನತಾಗೆ ಕೀ ಕೊಡುತ್ತಾರೆ. ಅದರ ಪ್ಲಾಸ್ಟಿಕ್ ಗ್ಲಾಸಿನ ಗೀರುಗಳನ್ನು ತಿಂಗಳಿಗೊಮ್ಮೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಹೊಳಪು ಮಾಡಿಕೊಳ್ಳುತ್ತಾರೆ. ಮಗನ ವಾಚಿನ ಮಿನರಲ್ ಗ್ಲಾಸಿಗೆ ಆ ವೈದ್ಯ ನಡೆಯುವುದಿಲ್ಲ. ಗೀರು ಬಿದ್ದರೆ ಬಿದ್ದಂತೆಯೇ.

ರಾಯರಿಗೆ ಇರುವ ಒಂದೇ ಒಂದು ಕೊರತೆಯೆಂದರೆ, ಯಾರೂ ಟೈಮು ಕೇಳುವುದಿಲ್ಲ. ಬಸ್ ಸ್ಟಾಪಿನಲ್ಲಿ ಅಪರಿಚಿತರು ‘ಟೈಮೆಷ್ಟು ಸಾರ್?’ ಎನ್ನುತ್ತಿದ್ದ ಕಾಲ ಹೋಯಿತು. ಎಲ್ಲರ ಜೇಬಿನಲ್ಲೂ ಮೊಬೈಲು. ಸ್ವತಃ ರಾಯರೇ ರೈಲು ಹತ್ತಬೇಕಾದಾಗ ಮೊಬೈಲು ನೋಡುತ್ತಾರೆ.

ಕಳೆದ ವೈಶಾಖದಲ್ಲಿ ಮಲ್ಲೇಶ್ವರದ ಛತ್ರವೊಂದರಲ್ಲಿ ಆ ಭಾಗ್ಯವೂ ಒದಗಿತು. ಧಾರೆಯ ಹೊತ್ತು. ಅಂತರಪಟ ಹಿಡಿದಿದ್ದರು, ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ರಾಯರು ಎಡಮುಷ್ಟಿಯಲ್ಲಿ ಹಿಡಿದಿದ್ದನ್ನು ಕಂಡ ಅಜ್ಜಿಯೊಬ್ಬರು ಗದರಿಸಿ ಬಲಗೈಗೆ ಬದಲಾಯಿಸಿದ್ದರು. ಪುರೋಹಿತರು ತಲೆಯೆತ್ತಿ, ಎದುರಿಗೆ ಎರಡು ಮಡಿಕೆ ಮೇಲೇರಿದ್ದ ತೋಳನ್ನು ನೋಡಿ, ‘ರಾಯರೇ, ಗಂಟೆ ಎಷ್ಟಾಯ್ತು ನೋಡಿ’ ಎಂದರು.

ರಾಯರು ಎರಡು ಹೆಜ್ಜೆ ಮುಂದೆ ಬಂದರು. ‘ಇದು ಭಾನುವಾರ ಆಕಾಶವಾಣಿಗೆ ಸರಿ ಮಾಡಿದ್ದು. ದಿನಕ್ಕೆ 12 ಸೆಕೆಂಡು ಮುಂದೆ. ಇವತ್ತು ಗುರುವಾರ, ಅಲ್ಲಿಗೆ 48 ಆಯ್ತು. ಆದರೆ ಮೊನ್ನೆ ರಾತ್ರಿ ಕೀ ಮೇಲಾಗಿ ಮಲಗಿಸಿದ್ದೆ, ಅದಕ್ಕೊಂದು ಐದು ಸೆಕೆಂಡು ಕಳೆದರೆ...’

ಪುರೋಹಿತರು ಪಂಚೆಯ ಸೊಂಟದಿಂದ ಮೊಬೈಲು ತೆಗೆದು ನೋಡಿ, ‘ಗಟ್ಟಿಮೇಳ! ಗಟ್ಟಿಮೇಳ!’ ಎಂದು ಕೂಗಿದರು. ಓಲಗ ಮೊಳಗಿತು, ಅಕ್ಷತೆ ಹಾರಿತು, ಅದರಲ್ಲಿ ನಾಲ್ಕು ಕಾಳು ಉಬ್ಬುಗ್ಲಾಸಿನ ಮೇಲೂ ಬಿದ್ದವು. ರಾಯರು ಅವನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸಿದರು, ಗೀರು ಬಿದ್ದಿಲ್ಲವೆಂದು ಬೆಳಕಿಗೆ ಹಿಡಿದು ಖಾತ್ರಿ ಮಾಡಿಕೊಂಡರು, ಮಾಂಗಲ್ಯಧಾರಣೆ ಮುಗಿದು ಜನ ಚದುರುವ ಹೊತ್ತಿಗೆ ನನ್ನ ಕಡೆ ತಿರುಗಿ ಹೇಳಿದರು:

‘ಹತ್ತು ಗಂಟೆ ನಲವತ್ತೊಂದು ನಿಮಿಷ, ಹದಿನೇಳು ಸೆಕೆಂಡು.’

‘ಮೊದಲನೇ ಪಂಕ್ತಿ ಕೂತಾಯ್ತು ರಾಯರೇ’ ಎಂದೆ.